ಸುತ್ತು ಎಣಿಸಿದಾಕಿ

ಹರಪನಹಳ್ಳಿ
೧೨-೮-೨೦೦೧

ಪ್ರೀತಿಯ ಕೌಸರ್ ಆಪಾಗೆ ನಿನ್ನ ತಂಗಿಯ ಸಲಾಂ.

ಆರಾಮ ಅದಿಯೇನು? ಮೈಸೂರಿನ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ಹೌದಿಲ್ಲೋ? ಬಿಸಿನೀರು ಕುಡಿ, ಹಟ ಮಾಡಬ್ಯಾಡ. ಇಲ್ಲಿ ಅಮ್ಮಿ ಆರಾಮ ಅದಾಳ. ಅಬ್ಬಾ ಅಂತೂ ಹಿಗ್ಗಿ ಹೀರೇಕಾಯಿ ಆಗ್ಯಾರ. ನಿನ್ನ ಬಹುಮಾನದ ಲೇಖನ ಬಂದ ಪತ್ರಿಕಿ ವೈಂಡಿಂಗ್ ಅಂಗಡಿ ಗಲ್ಲಾದ ಮ್ಯಾಲೇ ಐತಿ. ಸುಟ್ಟ ಪಂಪ್‌ಸೆಟ್ ಮೋಟಾರು ಹೊತ್ತು ತಂದ ಚಿಗಟೇರಿ ರೈತರಿಗೆ ಮೊದಲು ಅದನ್ನ ಓದಿ ಹೇಳೋದು, ಆಮ್ಯಾಲೆ ಮೋಟಾರು ಬಿಚ್ಚೋದು.

ಲೇಖನದ ತಲಿ ಮ್ಯಾಲೆ 'ನಾನ್-ಫಿಕ್ಷನ್ ವಿಭಾಗ' ಅಂತ ಹಾಕ್ಯಾರಲ್ಲ, ಹಂಗಂದ್ರೇನು ಅಂತ ಲೈಬ್ರರಿ ನಾಗೇಂದ್ರಪ್ಪ ಸರ್‌ನ ಕೇಳಿದೆ. "ನಡೆದದ್ದನ್ನ ನಡೆದಂಗ ಬರಿಯೋದವ್ವ. ಜೀವನಚರಿತ್ರೆ, ಪ್ರವಾಸ, ಅಡಿಗಿ ಪುಸ್ತಕಾನೂ ಅದರಾಗ ಬರ್ತಾವ. ಬ್ಯಾಡಾದ್ದು ಬಿಡಬಹುದು, ಇಲ್ಲದ್ದು ಸೇರಿಸಂಗಿಲ್ಲ" ಅಂದರು. ಅವತ್ತಿಂದ ಹೊಟ್ಟಿ ಉರಿಯಾಕ ಹತ್ತೈತಿ ಆಪಾ. ಹೌದು, ಹೊಟ್ಟಿಕಿಚ್ಚೇ. ಯಾಕ ಸುಳ್ಳು ಹೇಳಲಿ?

ಅಬ್ಬಾ ಮೋಟಾರಿಗೆ ತಾಮ್ರದ ತಂತಿ ಸುತ್ತುವಾಗ ಪಕ್ಕದಾಗ ಕುಂತು ಸುತ್ತು ಎಣಿಸಿದಾಕಿ ನಾನು. ಅರ್ಧಕ್ಕ ಶಾಲಿ ಬಿಟ್ಟ ಮ್ಯಾಲೆ ಏಳು ವರ್ಷ ಇದ ಕೆಲಸ. ನಡುವ ಗಿರಾಕಿ ಬಂದು ಮಾತಾಡಿಸಿದರ ಅಬ್ಬಾ ತಡಿ ಅಂತ ಎಡಗೈ ಬೆರಳು ಎತ್ತತಿದ್ರು, ನಾನು ಎಣಿಕಿ ಬಾಯಾಗ ಹಿಡಕೊಂಡು ಸುಮ್ಮನ ಕುಂದರತಿದ್ದೆ. ನೀನು ಆಗ ದಾವಣಗೆರೆ ಹಾಸ್ಟೆಲ್‌ನಾಗ ಇದ್ದಿ. ಆ ಬೆರಳಿನ ಮಾತು ನಾನೇ ನಿನಗ ಕಾಗದದಾಗ ಬರೆದದ್ದು. ನೀನು ಲೇಖನದಾಗ 'ನಾನು ಎಣಿಸುತ್ತಿದ್ದೆ' ಅಂತ ಬರೆದು ಬಿಟ್ಟಿ! ಕತಿ ಅಂದಿದ್ರ ಬಾಯಿ ಮುಚಗೊಂಡು ಇರತಿದ್ದೆ, ಅಲ್ಲಾನಾಣೆ. ಓದು ನಿನಗ, ಊರು ನಿನಗ, ಬಹುಮಾನ ನಿನಗ, ಇರಲಿ ಬಿಡು. ನನಗ ಅಂತ ಇದ್ದದ್ದು ಅಬ್ಬಾನ ಪಕ್ಕದ ಜಾಗ ಒಂದ. ನಿನ್ನ ಲೇಖನ ಓದಿ ಓದಿ ಅದ ಖರೇ ಅನ್ನಿಸಿಬಿಟ್ಟು, ಮೊನ್ನೆ ಅಬ್ಬಾನೂ ಗಿರಾಕಿ ಎರ್ರೆಪ್ಪನ ಮುಂದ "ನಮ್ಮ ಕೌಸರ್ ಎಣಿಸಿದ್ರ ಒಂದು ಸುತ್ತೂ ತಪ್ಪತಿರಲಿಲ್ಲ" ಅಂದರು. ನಾನು ಅಲ್ಲೇ ಚಾ ಹಿಡಕೊಂಡು ನಿಂತಿದ್ದೆ.

ಅಮ್ಮಿ ದುಆ ಹೇಳ್ಯಾಳ. ಚಟ್ನಿಪುಡಿ ಬ್ಯಾರೆ ಕಳಿಸೀನಿ, ಗೆಳತ್ಯಾರಿಗೇ ಹಂಚಿ ಮುಗಿಸಬ್ಯಾಡ.

ನಿನ್ನ ತಂಗಿ,
ಅಸ್ಫಿಯಾ

ತಾ.ಕ.: ನಿನ್ನ ಲೇಖನ ಪುಸ್ತಕದಾಗ ಹಾಕೋರು ಮನಿಗೆ ಒಂದು ಫಾರಂ ಕಳಿಸ್ಯಾರ. ಬರೆದದ್ದೆಲ್ಲ ಖರೇ ಅಂತ ಮನಿಯವರೊಬ್ಬರು ಸಹಿ ಹಾಕಬೇಕಂತ. ಅಬ್ಬಾ ಖರೇ ಅಂತ ನಂಬೇ ಸಹಿ ಹಾಕಿ, ಪೋಸ್ಟಿಗೆ ಹಾಕು ಅಂತ ನನ್ನ ಕೈಯಾಗ ಕೊಟ್ಟಾರ. ನನ್ನ ಟ್ರಂಕಿನಾಗ ಐತಿ. ಎಣಿಸಿದಾಕಿ ಅಸ್ಫಿಯಾ ಅಂತ ನೀನೇ ಅಬ್ಬಾಗ ಕಾಗದ ಬರಿ. ಅದನ್ನ ಓದಿ ಅವರು ಒಂದ್ಸಲ ನನ್ನ ಮುಖ ನೋಡಲಿ, ಅವತ್ತ ಫಾರಂ ಪೋಸ್ಟ್ ಮಾಡತೀನಿ.