ಆರೂವರೆ ಮಕ್ಕಳನ್ನು ಎಲ್ಲಿಂದ ತರಲಿ?

ಮಾನ್ಯ ಪರವಾನಗಿ ಅಧಿಕಾರಿಗಳೇ,

ನಿಮ್ಮ ಎರಡನೆಯ ನೋಟಿಸು ಕೈಸೇರಿದೆ. ನನ್ನ ಶಿಶುವಿಹಾರದಲ್ಲಿ ಇಪ್ಪತ್ತನಾಲ್ಕೂವರೆ ಮಕ್ಕಳಿರಬೇಕಿತ್ತು, ಹದಿನೆಂಟೇ ಇದ್ದಾರೆ, ಉಳಿದ ಆರೂವರೆ ಮಕ್ಕಳನ್ನು ತಿಂಗಳ ಕೊನೆಯೊಳಗೆ ಸೇರಿಸಿಕೊಳ್ಳದಿದ್ದರೆ ಪರವಾನಗಿ ನವೀಕರಿಸುವುದಿಲ್ಲ ಎಂದು ಬರೆದಿದ್ದೀರಿ. ಆರು ಮಕ್ಕಳನ್ನು ಹೇಗೋ ಹೊಂದಿಸಬಹುದು. ಆ ಅರ್ಧ ಮಗುವಿನ ವಿಷಯದಲ್ಲಿ ಮಾತ್ರ ತಮ್ಮ ಮಾರ್ಗದರ್ಶನ ಬೇಕು. ಉಣ್ಣುವ ಅರ್ಧವನ್ನು ಸೇರಿಸಿಕೊಳ್ಳಲೋ, ಅಳುವ ಅರ್ಧವನ್ನೋ?

ಈ ಅವಾಂತರ ಶುರುವಾದದ್ದು ನಮ್ಮ ಮಾವನವರಿಂದ, ಒಪ್ಪಿಕೊಳ್ಳುತ್ತೇನೆ. ನಲವತ್ತು ವರ್ಷ ಗಣಿತದ ಮೇಷ್ಟರಾಗಿದ್ದವರು. ನೀವು ಕಂಪ್ಯೂಟರಿಗೆ ಕಳಿಸಿದ ಎಕ್ಸೆಲ್ ಹಾಳೆಯನ್ನು ತುಂಬಿದವರು ಅವರೇ. ಕೋಣೆಯ ವಿಸ್ತೀರ್ಣ ಎಷ್ಟು ಚದರ ಮೀಟರ್ ಎಂಬ ಕಲಮು ಬಂತು. ನಮ್ಮ ಕೋಣೆ ಆರು ಮೀಟರ್ ಉದ್ದ, ಆರು ಮೀಟರ್ ಅಗಲ. ಬೇರೆ ಯಾರಾದರೂ 36 ಎಂದು ಒತ್ತಿ ಕಾಫಿಗೆ ಏಳುತ್ತಿದ್ದರು. ಮಾವ 6 ಒತ್ತಿ, ಅದರ ಹೆಗಲ ಮೇಲೆ ಪುಟ್ಟದೊಂದು 2 ಕೂರಿಸಿದರು.

"ಮೂವತ್ತಾರು ಅಂತ ಹಾಕಿಬಿಡಿ ಮಾವ" ಎಂದೆ.

"ಸುಮ್ನಿರಮ್ಮ. ಮೂವತ್ತಾರು ಅಂದ್ರೆ ಒಂಬತ್ತು ನಾಲ್ಕಲೂ ಆಗುತ್ತೆ. ಆರರ ವರ್ಗ ಅಂದ್ರೆ ಕೋಣೆ ಚೌಕ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಅಲ್ಲಿರೋರು ಓದಿದೋರು."

ನಿಮ್ಮ ಗುಮಾಸ್ತರು ಅದನ್ನು ಕಚೇರಿಯ ದೊಡ್ಡ ಹಾಳೆಗೆ ಅಂಟಿಸಿದಾಗ ಪುಟ್ಟ 2 ಹೆಗಲಿಂದಿಳಿದು ಪಕ್ಕದಲ್ಲಿ ನಿಂತಿತು. 62 ಆಯಿತು. ಅವರೇನು ಸುಳ್ಳು ಹೇಳುವವರಲ್ಲ, ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದರು: "ಹಾಳೆಲಿ ಆ ಅಂಕಿ ಇರೋ ಮನೆಯ ಮೂಲೇಲಿ ಹಸಿರು ತ್ರಿಕೋನ ಬಂತು ಮೇಡಂ. ಒತ್ತಿದೆ. ಸಂಖ್ಯೆ ಮಾಡ್ಲಾ ಅಂತ ಕೇಳ್ತು, ಹೂಂ ಅಂದೆ. ತ್ರಿಕೋನ ಹೋಯ್ತು." ಮಗುವೊಂದಕ್ಕೆ ಎರಡು ಚದರ ಮೀಟರ್ ಎಂಬುದು ನಿಯಮ. ಹಾಗಾಗಿ ಮೂವತ್ತೊಂದು ಮಕ್ಕಳ ಜಾಗದಲ್ಲಿ ಹದಿಮೂರನ್ನು ಬೇಕೆಂದೇ ಖಾಲಿ ಇಟ್ಟಿದ್ದೀಯಾ ಎಂದು ಮೊದಲ ನೋಟಿಸು.

ದೂರು ಕೊಟ್ಟೆ. ಇನ್‌ಸ್ಪೆಕ್ಟರು ಟೇಪು ಹಿಡಿದು ಬಂದರು, ಎರಡೆರಡು ಸಲ ಅಳೆದರು, 36 ಎಂದು ಬರೆದುಕೊಂಡು ಹೋದರು. ನಿಟ್ಟುಸಿರು ಬಿಟ್ಟೆವು. ಆದರೆ ನಿಮ್ಮ ಹಾಳೆ ಹಳೆಯ 62ನ್ನು ಬಿಟ್ಟುಕೊಡಲಿಲ್ಲ. "ಎರಡು ಅಳತೆ ಇದ್ರೆ ಅದು ಸರಾಸರಿ ತಗೊಳ್ಳತ್ತೆ ಮೇಡಂ, ಯಾರಿಗೂ ಅನ್ಯಾಯ ಆಗ್ಬಾರ್ದಲ್ಲ" ಎಂದರು ಗುಮಾಸ್ತರು. ನಲವತ್ತೊಂಬತ್ತು ಬಂತು. "ಏಳರ ವರ್ಗ!" ಎಂದು ಮಾವನಿಗೆ ಆ ಸಂಕಟದಲ್ಲೂ ಖುಷಿ.

ಸರಿಯನ್ನೂ ತಪ್ಪನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನ್ಯಾಯ ಸಿಗುತ್ತದೆಯೇ? ತಮ್ಮ ವಯಸ್ಸು ಐವತ್ತು ಎಂದಿಟ್ಟುಕೊಳ್ಳಿ. ಯಾರೋ ಕೈತಪ್ಪಿ ಐನೂರು ಎಂದು ಒತ್ತಿದರೆ ಸರಾಸರಿ ಇನ್ನೂರ ಎಪ್ಪತ್ತೈದು. ನಿವೃತ್ತಿಯಾಗಿ ಇನ್ನೂರು ವರ್ಷ ದಾಟಿತೆಂದು ತಾವು ಕುರ್ಚಿ ಬಿಟ್ಟು ಏಳುತ್ತೀರಾ?

ಖಾಲಿ ಜಾಗ ಇಟ್ಟುಕೊಂಡು ಮಕ್ಕಳನ್ನು ವಾಪಸು ಕಳಿಸಬಾರದೆಂಬ ತಮ್ಮ ನಿಯಮ ಒಳ್ಳೆಯದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಧ್ಯಾಹ್ನ ಹದಿನೆಂಟು ಪುಟ್ಟ ಹಾಸಿಗೆ ಹಾಸಿದ ಮೇಲೆ ನಾನು ತುದಿಗಾಲಲ್ಲಿ ನಡೆಯಬೇಕು. ಇನ್ನೂ ಆರು ಹಾಸಿಗೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಕಷ್ಟೆ. ಈ ಹದಿನೆಂಟು ಮಕ್ಕಳಲ್ಲಿ ಒಬ್ಬಳ ಅಮ್ಮ ಆಸ್ಪತ್ರೆಯಲ್ಲಿ ನರ್ಸು. ನೋಟಿಸು ಓದಿ, "ನೀವು ಬಾಗಿಲು ಹಾಕಿದ್ರೆ ನಾನು ಕೆಲಸ ಬಿಡ್ಬೇಕು ಅಷ್ಟೇ ಅಕ್ಕ" ಎಂದು ನಕ್ಕಳು. ಅವಳು ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ. ನಕ್ಕಳಲ್ಲ, ಅದಕ್ಕೇ ಈ ಪತ್ರ ಬರೆಯಲು ಕುಳಿತೆ.

ನನ್ನ ಬೇಡಿಕೆ ದೊಡ್ಡದಲ್ಲ. ಹಾಳೆಯಲ್ಲಿ 62 ಇರುವ ಮನೆಯನ್ನು ಅಳಿಸಿ, 36 ಇರುವ ಮನೆಯನ್ನು ಉಳಿಸಿ. ಇದಕ್ಕೆ ಮೂರು ಸಹಿ, ಒಂದು ಸಭೆ ಬೇಕೆಂದು ಗುಮಾಸ್ತರು ಹೇಳುತ್ತಾರೆ. ಒಂದು ಬೆರಳು ಸಾಕೆಂದು ಮಾವ ಹೇಳುತ್ತಾರೆ.

ತಿಂಗಳ ಕೊನೆಯೊಳಗೆ ಆ ಬೆರಳು ಸಿಗದಿದ್ದರೆ, ಮರುದಿನ ಬೆಳಿಗ್ಗೆ ಎಂಟೂವರೆಗೆ ಹದಿನೆಂಟು ಮಕ್ಕಳನ್ನೂ ಹಾಸಿಗೆ ಸಮೇತ ತಮ್ಮ ಕೋಣೆಗೇ ಕರೆತರುತ್ತೇನೆ. ಮೂರು ದಿನ ತಮಗಾಗಿ ಕಾದು ಕುಳಿತಾಗ ಅಲ್ಲಿನ ನೆಲದ ಕಲ್ಲುಗಳನ್ನು ಎಣಿಸಿದ್ದೇನೆ: ಅರ್ಧ ಮೀಟರಿನವು, ಅಡ್ಡಕ್ಕೆ ಹತ್ತು, ಉದ್ದಕ್ಕೆ ಹದಿನಾರು. ಒಟ್ಟು ನಲವತ್ತು ಚದರ ಮೀಟರ್, ಅಂದರೆ ಇಪ್ಪತ್ತು ಮಕ್ಕಳ ಜಾಗ. ಇನ್ನೂ ಎರಡು ಮಕ್ಕಳನ್ನು ತಾವು ಈಗಿನಿಂದಲೇ ಹುಡುಕಿಡುವುದು ಒಳ್ಳೆಯದು. ಇಲ್ಲದಿದ್ದರೆ ನೋಟಿಸು ತಮಗೇ ಬರುತ್ತದೆ.

ಇಂತಿ,
ಹದಿನೆಂಟು ಇಡೀ ಮಕ್ಕಳ ಮೂಗು ಒರೆಸುತ್ತಾ,
ಆರೂವರೆ ಮಕ್ಕಳ ಕೊರತೆಗೆ ಉತ್ತರ ಹೇಳಬೇಕಾಗಿ ಬಂದ
ಶಿಶುವಿಹಾರದ ಅಕ್ಕ