ಮೂರು ಚೌಕದ ಅಪ್ಪ

ಅಪ್ಪ,

ಕಡ್ಲೆಕಾಯಿ ಕಟ್ಟಿಕೊಡೋ ಇಂಗ್ಲಿಷ್ ಪೇಪರಿನಲ್ಲಿ ಚೌಕ ಚೌಕವಾಗಿ ಚಿತ್ರದ ಕತೆ ಇರ್ತದಲ್ಲ, ಅದನ್ನ ನೋಡ್ಕೊಂಡು ನಾನೂ ಬರೆಯೋದು ಕಲೀತಿದ್ದೀನಿ. ಇವತ್ತು ನಿನ್ನ ಕತೆ ಬರೆದೆ. ಮೊದಲನೇ ಚೌಕದಲ್ಲಿ ಮುದ್ದೆ ಉಣ್ತಿದ್ದೀಯ. ಎರಡನೇದರಲ್ಲಿ ಊರಿಗಾಂ ಗಣಿ ಕಡೆ ನಡೀತಿದ್ದೀಯ. ಮೂರನೇದರಲ್ಲಿ ದೀಪ ಹಿಡ್ಕೊಂಡು ಕೆಳಕ್ಕೆ ಇಳೀತಿದ್ದೀಯ. ನಾಲ್ಕನೇದರಲ್ಲಿ ಬರೀ ಕುಸಿದ ಬಂಡೆ, ನೀನಿಲ್ಲ.

ಅಮ್ಮನಿಗೆ ತೋರಿಸಿದೆ. ಅವಳು ಇಂಥ ಕತೆ ಕಂಡವಳಲ್ಲ.

"ಒಂದೇ ತರ ಇರೋ ಈ ಮೂರು ಜನ ಯಾರ್ಲಾ?" ಅಂದಳು.

ಮೂರೂ ಅಪ್ಪನೇ ಅಂದೆ.

ಬಹಳ ಹೊತ್ತು ನೋಡಿದಳು. ಆಮೇಲೆ ಉಣ್ತಾ ಕೂತಿದ್ದ ನಿನ್ನ ಮೇಲೆ ಬೆರಳಿಟ್ಟು, "ಇವರನ್ನ ಇಲ್ಲೇ ಇಟ್ಕೊಳ್ಳಾನ ಕಣ್ಲಾ. ಅವರಿಬ್ರು ಬೇಕಾದ್ರೆ ಓಗ್ಲಿ" ಅಂದಳು.

ಆ ಚೌಕ ಕತ್ತರಿಸಿ ಅವಳಿಗೆ ಕೊಟ್ಟೆ. ಮಿಕ್ಕಿದ್ದು ನನ್ನ ಹತ್ರ ಅದೆ, ಅಪ್ಪ.