ಖಂಡಪ್ಪನ ಅಂಗಡಿಗೆ ನನ್ನ ಒಪ್ಪಿಗೆ

ಮಣ್ಣೂರ
೧೬-೧೧-೨೦೨೫

ಪ್ರೀತಿಯ ಸಕ್ಕು,

ನರೋಣಾದಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ದಸರೆಗೆ ಬರುತ್ತೇನೆ ಎಂದವಳು ಬರಲಿಲ್ಲ, ನಿನ್ನ ಫೋನೂ ಎತ್ತಲಿಲ್ಲ. ಎಷ್ಟು ಬೇಕಾದರೂ ಬೈಯಿ. ಫೋನಿನಲ್ಲಿ ಈ ಮಾತು ಆಡಲಾರೆ, ಪಡಸಾಲೆಯಲ್ಲಿ ಭಾವನವರು ಕೂತೇ ಇರುತ್ತಾರೆ.

ಖಂಡಪ್ಪ ಊರಿಗೆ ಬಂದಿದ್ದಾನೆ. ಹೌದು, ಅವನೇ. ಹೊಳೆದಂಡೆಯಲ್ಲಿ ನಮ್ಮ ಪಂಪ್‌ಸೆಟ್ ಕದಿಯಲು ಬಿಚ್ಚುವಾಗ ಅಡ್ಡ ಹೋದ ನಮ್ಮ ಯಜಮಾನರನ್ನು ನಟ್ಟು ತಿರುಗಿಸುವ ಪಾನಾದಿಂದ ಹೊಡೆದು ಕೊಂದವನು. ಶಿಕ್ಷೆ ಮುಗಿಯಿತಂತೆ. ಜೈಲಿನಲ್ಲಿ ಮೋಟಾರು ರಿವೈಂಡಿಂಗ್ ಕಲಿತನಂತೆ. ತಾಮ್ರದ ಆಸೆಗೆ ಮೋಟಾರು ಒಡೆಯುತ್ತಿದ್ದವನು ಈಗ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾನೆ. ಕೆಲಸ ಚೊಕ್ಕ ಅನ್ನುತ್ತಾರೆ.

ಅಫಜಲಪುರಕ್ಕೆ ಮೋಟಾರು ಒಯ್ದರೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕಬ್ಬು ಬಾಡುತ್ತದೆ. ಅದಕ್ಕೇ ಅವನಿಗೆ ಇಲ್ಲೇ ಅಂಗಡಿ ಇಡಲು ಒಂದು ಖೋಲಿ ಕೊಡೋಣ ಎಂದು ಊರ ಹಿರಿಯರ ಆಲೋಚನೆ. ಆದರೆ ಜಯಮಾಲಾ ಹೂಂ ಅಂದರೆ ಮಾತ್ರ ಎಂದು ನನ್ನ ತಲೆಗೇ ಕಟ್ಟಿದ್ದಾರೆ. ನಾಳೆ ಉತ್ತರ ಹೇಳಬೇಕು. ಕೂತರೆ ಕೂರಲಾಗುವುದಿಲ್ಲ, ಒಲೆಯ ಮೇಲಿನ ಬೇಳೆ ಎರಡು ಸಲ ಹೊತ್ತಿಸಿದೆ.

ಭಾವ ಹಣಮಂತ್ರಾಯರದು ಒಂದೇ ಹಟ. “ಮನುಷ್ಯಾನ್ನ ಕೊಂದಾಂವಗ ಕೈಕೆಲಸ ಕಲಿಸಿದ್ರ ಅದು ಸಜಾ ಹ್ಯಾಂಗ ಆತು?” ನನಗೂ ಹೌದೆನಿಸುತ್ತದೆ. ಅಷ್ಟರಲ್ಲಿ ಮಗಳು ಪಲ್ಲವಿ ಬಾಯಿ ಹಾಕಿದಳು. ಹಿಂದೆ ಅವನು ವೈರು ಕದ್ದು ಒಳಗೆ ಹೋದಾಗ ಬರೀ ಒದೆ ತಿಂದು ಬಂದ, ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ, ಮತ್ತೆ ಕಳ್ಳತನಕ್ಕೇ ಇಳಿದ ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: “ಆವಾಗೇ ಕೆಲಸ ಕಲಿಸಿದ್ರ ಅಪ್ಪ ಇರ್ತಿದ್ದ ಯವ್ವಾ.”

ಭಾವ ಊಟ ಬಿಟ್ಟು ಎದ್ದರು.

ಹೋದ ವಾರ ಖಂಡಪ್ಪನೇ ಬಂದು ಅಂಗಳದಾಚೆ ನಿಂತಿದ್ದ. ತಲೆ ಎತ್ತಲಿಲ್ಲ. “ನೀವ್ ಬ್ಯಾಡ ಅಂದ್ರ ಊರ ಬಿಟ್ಟು ಹೋಗ್ತೇನ್ರಿ ಅಕ್ಕೋರ” ಎಂದ. ಬಾಗಿಲು ಹಾಕಿಕೊಂಡೆ. ಆಮೇಲೆ ಹೋದನೋ ಇಲ್ಲವೋ ಎಂದು ಕಿಟಕಿಯಿಂದ ನೋಡಿದೆ. ಅಕ್ಕ ಅನ್ನಲು ಅವನಿಗೆ ಯಾವ ಬಾಯಿ, ಹೇಳು.

ನಿನ್ನ ಮಗಳ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಚೆನ್ನಾಗಿರಲಿ. ಕೂಸಿನ ತಲೆಗೆ ಕುಲಾಯಿ ಹೊಲಿದಿಟ್ಟಿದ್ದೇನೆ.

ನಿನ್ನವಳೇ ಆದ
ಜಯಮಾಲಾ

ತಾ. ಕ.: ಇದನ್ನು ಬರೆಯದೆ ಬಿಡಬೇಕೆಂದಿದ್ದೆ, ಆಗುತ್ತಿಲ್ಲ. ಬುಧವಾರ ಪೀರಪ್ಪನ ಹೊಲದ ಮೋಟಾರು ಕಳುವಾಯಿತೆಂದು ಊರಲ್ಲಿ ಗುಲ್ಲೆದ್ದಿತು. ಕೇಳಿ ನನಗೆ ಖುಷಿಯಾಯಿತು ಸಕ್ಕು. ನಮ್ಮವರು ಹೋದ ಮೇಲೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಖಂಡಪ್ಪನನ್ನು ಹಿಡಿದು ತರುವುದನ್ನು ನೋಡಲು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ನೋಡಿದರೆ ಪೀರಪ್ಪನ ತಮ್ಮನೇ ಅದನ್ನು ಬಿಚ್ಚಿ ಇನ್ನೊಂದು ಬಾವಿಗೆ ಒಯ್ದಿದ್ದ. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಅತ್ತುಬಿಟ್ಟೆ. ಅವನೇನೋ ಮನುಷ್ಯನಾಗಿ ಬಂದ, ನಮ್ಮವರು ಏನಾಗಿ ಬರಬೇಕು?

ನಾಳೆ ‘ಇರಲಿ’ ಅಂದುಬಿಡುತ್ತೇನೆ, ಪಲ್ಲವಿಯ ಮಾತಿಗಾಗಿ. ಅಂದಮೇಲೂ, ಅವನು ಮತ್ತೆ ಕದಿಯಲಿ ಎಂದು ದಿನಾ ಕಾಯುತ್ತಿರುತ್ತೇನೆ. ಜಯಮಾಲಾಳದು ದೊಡ್ಡ ಮನಸ್ಸು ಎಂದು ಜನ ನಿನಗೆ ಹೇಳಬಹುದು. ನೀನು ಮಾತ್ರ ನಂಬಬೇಡ.